ಬಲಗೈಯ ಭಾಗ

ಬಸ್ಸಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವನಿಗೆ ಗೊತ್ತಾದದ್ದು ಪಕ್ಕದವನ ಮೊಣಕೈ ಪಕ್ಕೆಗೆ ತಿವಿದಾಗ. ಒಂದು ಸಲ ತಿವಿದರೆ ನೂಕುನುಗ್ಗಲು, ಎರಡನೆಯ ಸಲ ತಿವಿದರೆ ಕೊಬ್ಬು. ಇದು ಅವನ ಹಳೆಯ ಲೆಕ್ಕ. ಎರಡನೆಯ ಸಲವೂ ತಿವಿದಾಗ ಆ ಮೊಣಕೈಯನ್ನು ಹಿಂದಕ್ಕೆ ತಿರುಚಿ, ಒಣಗಿದ ಕಡ್ಡಿಯನ್ನು ಮುರಿದ ಹಾಗೆ ಲಟಕ್ಕೆಂದು ಮುರಿದು, ಅದರ ಒಡೆಯನನ್ನು ಮುಂದಿನ ಸ್ಟಾಪಿನಲ್ಲಿ ಕುತ್ತಿಗೆ ಹಿಡಿದು ಇಳಿಸಬೇಕೆನಿಸಿತು. ಹಾಗೆ ಎನಿಸಿದ್ದನ್ನು ಗಮನಿಸಿದ. ಹೇಳಿಕೊಟ್ಟ ಹಾಗೆ ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟ. ಮೂಳೆ ಮುರಿಯುವ ಆಸೆ ಸ್ವಲ್ಪ ಹೊತ್ತು ನಿಂತಿದ್ದು, ಯಾರೂ ಮಾತಾಡಿಸದ ನೆಂಟನ ಹಾಗೆ ತಾನಾಗಿಯೇ ಹೊರಟುಹೋಯಿತು. ಅವನಿಗೆ ತನ್ನ ಬಗ್ಗೆಯೇ ಹೆಮ್ಮೆಯಾಯಿತು. ಎರಡು ಸೀಟು ಮುಂದೆ ಹೆಂಡತಿ ಕೂತಿದ್ದಳು. ಅವಳ ಹಿಂಗತ್ತು, ಎತ್ತಿ ಕಟ್ಟಿದ ಕೂದಲು, ಕಿವಿಯ ಹಿಂದಿನ ಕಲೆ ಕಾಣುತ್ತಿದ್ದವು. ಗೊತ್ತಿಲ್ಲದವರು ನೋಡಿದರೆ ಅದನ್ನು ಮಚ್ಚೆ ಎಂದುಕೊಳ್ಳಬಹುದು. ಅವನಿಗೆ ಗೊತ್ತಿತ್ತು. ಅವನು ಕಿಟಕಿಯ ಕಡೆಗೆ ತಿರುಗಿದ.

ಇವತ್ತು ಆಸ್ಪತ್ರೆಯಲ್ಲಿ ಕೊನೆಯ ಸಭೆ. ಅದಕ್ಕಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಪ್ರಿಂಟಿಂಗ್ ಪ್ರೆಸ್ಸಿಗೆ ರಜೆ ಹೇಳಿದ್ದ. ರಜೆ ಹೇಳುವಾಗ ಮಾಲೀಕ, ತನಗಿಂತ ಎಷ್ಟೋ ಚಿಕ್ಕವನು, ಕಣ್ಣೆತ್ತಿಯೂ ನೋಡದೆ, "ಹೋಗಿ ಬನ್ನಿ, ಉಸಿರಾಡೋದು ಕಲಿಯೋಕೆ ಆಸ್ಪತ್ರೆಗೆ ಹೋಗೋರು ಅಂದ್ರೆ ನಿಮ್ಮನ್ನೇ ನೋಡಿದ್ದು" ಎಂದಿದ್ದ. ಬೈಂಡಿಂಗಿನ ಹೆಂಗಸರು ನಕ್ಕಿದ್ದರು. ಆಗಲೂ ಅವನ ಕಣ್ಣ ಮುಂದೆ ಬಂದದ್ದು ಕಟಿಂಗ್ ಮಷೀನಿನ ಬ್ಲೇಡು, ಅದರ ಕೆಳಗೆ ಕಾಗದದ ಬದಲು ಮಾಲೀಕನ ಬಿಳೀ ಬೆರಳುಗಳು. ಆ ಮಷೀನಿಗೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಒಂದು ಕೈಯ ಮೇಲೆ ಅದಕ್ಕೆ ನಂಬಿಕೆಯಿಲ್ಲ. ಹೀಗೆ ವರ್ಷಗಟ್ಟಲೆ ತೋಳು ಅಗಲಿಸಿ ನಿಂತು ಒತ್ತಿ ಒತ್ತಿ ಅವನ ಭುಜಗಳು ಕಲ್ಲಾಗಿದ್ದವು, ಕತ್ತು ತಿರುಗಿಸಿದರೆ ಬೆನ್ನಿನ ತನಕ ಯಾರೋ ಗರಗಸ ಎಳೆದಂತೆ ಆಗುತ್ತಿತ್ತು. ಸಂಜೆ ಮನೆಗೆ ಬಂದಾಗ ದೇಹ ತನ್ನದಲ್ಲ ಎನಿಸುವಷ್ಟು ಸುಸ್ತು. ಆ ಹೊತ್ತಿಗೆ ಒಂದು ಲೋಟ ಜಾಗದಲ್ಲಿಲ್ಲದಿದ್ದರೆ, ಮಗಳು ಒಂದು ಪ್ರಶ್ನೆ ಹೆಚ್ಚು ಕೇಳಿದರೆ, ಹೆಂಡತಿ ಉತ್ತರ ಕೊಡಲು ತುಸು ತಡಮಾಡಿದರೆ, ಕೈ ಎದ್ದುಬಿಡುತ್ತಿತ್ತು. ತಾನು ಎತ್ತುತ್ತಿದ್ದೆ ಎಂದು ಅವನು ಎಂದೂ ಅಂದುಕೊಂಡವನಲ್ಲ, ಕೈ ಏಳುತ್ತಿತ್ತು. ತಾನು ಕೆಟ್ಟವನಲ್ಲ, ತನಗೆ ಸುಸ್ತು. ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಸಂಬಳ ತಂದು ಅವಳ ಕೈಗೇ ಕೊಡುತ್ತಾನೆ. ಅಂಥವನು ಹೊಡೆಯುತ್ತಾನೆಂದರೆ ಅದಕ್ಕೆ ಬೇರೆ ಕಾರಣವಿರಲೇಬೇಕಲ್ಲ.

ಆ ಕಾರಣಕ್ಕೆ ಆಸ್ಪತ್ರೆಯ ಗೋಡೆಯ ಮೇಲೆ ಅಚ್ಚಾಗಿ ಅಂಟಿಸಿದ ಹೆಸರೇ ಇತ್ತು. ನೋವು, ಆಯಾಸ, ಮನಸ್ಸಿನ ಒತ್ತಡ ಇರುವವರು ಔಷಧವಿಲ್ಲದ ಚಿಕಿತ್ಸೆಯ ಪರೀಕ್ಷೆಗೆ ಬರಬಹುದು. ಭುಜ ತೋರಿಸಲು ಹೋದವನು ಅದನ್ನು ಎರಡು ಸಲ ಓದಿದ. ಮಾತ್ರೆಯಿಲ್ಲ, ಸೂಜಿಯಿಲ್ಲ. ಸಂಶೋಧನೆ ನಡೆಸುವ ಡಾಕ್ಟರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಆಮೇಲೆ ಅದನ್ನೇ ಹುಡುಕುವ ಒಬ್ಬ ಹೆಂಗಸು, ಬಂದವರನ್ನೆಲ್ಲ ಚೀಟಿ ಎತ್ತಿ ಎರಡು ಗುಂಪು ಮಾಡಿದರು. ದಿನಾ ಸಂಜೆ ಮನೆಯವರೊಬ್ಬರು ಎದುರು ಕೂತು ಓದಬೇಕು, ರೋಗಿ ಕಣ್ಣು ಮುಚ್ಚಿ ಕೇಳಬೇಕು. ಒಂದು ಗುಂಪಿಗೆ ಓದುವುದು ಉಸಿರಿನ ಪಾಠ, ಮೈಯ ಒಂದೊಂದೇ ಭಾಗವನ್ನು ಗಮನಿಸಿ ಸಡಿಲ ಬಿಡುವ ಪಾಠ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಬರೀ ಪೇಪರು. ನೋವು ಕಡಿಮೆಯಾದರೆ ಅದು ಪಾಠದಿಂದಲೋ, ಮನೆಯವರು ಹತ್ತಿರ ಕೂತಿದ್ದರಿಂದಲೋ ಎಂದು ತಿಳಿಯಬೇಕಲ್ಲ, ಅದಕ್ಕೆ. ರೆಕಾರ್ಡ್ ಮಾಡಿದ ದನಿ ಬೇಡ, ಮನೆಯ ದನಿಯೇ ಬೇಕು, ಆದರೆ ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ, ಒಂದು ಅಕ್ಷರ ಆಚೆ ಈಚೆ ಆಗಬಾರದು ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರು. ಚೀಟಿಯಲ್ಲಿ ಅವನಿಗೆ ಪಾಠದ ಗುಂಪು ಬಂತು. ಓದಲು ಹೆಂಡತಿ. ಅವಳು ಶಿಶುವಿಹಾರದಲ್ಲಿ ಕೆಲಸ ಮಾಡುವವಳು, ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಕಥೆ ಓದಿ ಓದಿ ಅವಳ ದನಿ ಹದಗೊಂಡಿತ್ತು. ಒಂದು ಪುಟ ಓದಿಸಿ ನೋಡಿ ಡಾಕ್ಟರು, "ನಿಮ್ಮದು ಒಳ್ಳೇ ದನಿ" ಎಂದಾಗ ಅವಳು ಕೆಂಪಾದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತು ಅವನಿಗೆ ಹೊಳೆದೇ ಇರಲಿಲ್ಲ. ಅವಳ ದನಿ ಅವನಿಗೆ ಹೆಚ್ಚಾಗಿ ಗೊತ್ತಿದ್ದದ್ದು ಅಡುಗೆಮನೆಯಿಂದ ಬರುವ ಒಂದೆರಡು ಪದವಾಗಿ, ಇಲ್ಲವೇ ಬಾಯಿಗೆ ಸೆರಗು ತುರುಕಿಕೊಂಡಾಗ ಬರುವ ಆ ಇನ್ನೊಂದು ಸದ್ದಾಗಿ.

ಮೊದಲ ಕೆಲವು ದಿನ ಅವನಿಗೆ ಮೈಯೆಲ್ಲ ಮುಜುಗರ. ಕಣ್ಣು ಮುಚ್ಚಿ ಅವಳ ಎದುರು ಕೂರುವುದೆಂದರೆ ಕತ್ತು ಒಡ್ಡಿದ ಹಾಗೆ. ರೆಪ್ಪೆಯ ಸಂದಿಯಿಂದ ನೋಡುತ್ತಿದ್ದ. ಅವಳು ಹಾಳೆ ನೋಡಿಕೊಂಡು, "ಹಣೆಯನ್ನು ಸಡಿಲ ಬಿಡಿ. ದವಡೆಯನ್ನು ಸಡಿಲ ಬಿಡಿ. ಭುಜಗಳು ತಾವಾಗಿ ಇಳಿಯಲಿ" ಎನ್ನುತ್ತಿದ್ದಳು. ಮಗಳು ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಹೋಂವರ್ಕ್ ಮಾಡುತ್ತಿದ್ದಳು. ಮೊದಲ ವಾರದಲ್ಲೇ ಒಂದು ಸಂಜೆ, ಪಾಠ ಮುಗಿದು ಇನ್ನೂ ಹಾಳೆ ಮಡಚಿರಲಿಲ್ಲ, ಏನೋ ಮಾತಿಗೆ ಅವನು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದಿದ್ದ. ಕಿವಿಯ ಹಿಂದೆ ಒಡೆದು ರಕ್ತ ಕತ್ತಿನ ಮೇಲೆ ಇಳಿಯಿತು. ಚಿಕಿತ್ಸೆ ಇನ್ನೂ ಹತ್ತಿಲ್ಲ ಎಂದುಕೊಂಡ ಅವನು. ಮಾರನೆಯ ಸಂಜೆ ಅವಳು ತಲೆಗೆ ಬಟ್ಟೆ ಸುತ್ತಿಕೊಂಡೇ ಬಂದು ಎದುರು ಕೂತು ಓದಿದಳು. ಅವತ್ತೇ ಇರಬೇಕು, ಬಲಗೈಯ ಭಾಗ ಉದ್ದವಾದದ್ದು. "ಈಗ ಬಲಗೈಯನ್ನು ಗಮನಿಸಿ. ಬೆರಳುಗಳನ್ನು ಬಿಚ್ಚಿ. ಈ ಕೈ ನಿನ್ನೆಯಿಂದ ಏನೇನು ಮುಟ್ಟಿದೆಯೆಂದು ನೆನೆಸಿಕೊಳ್ಳಿ. ಅವಸರವಿಲ್ಲ." ದನಿ ಅದೇ, ವೇಗ ಅದೇ. ಅವನು ನೆನೆಸಿಕೊಂಡ. ಕಾಗದ, ಗುಂಡಿ, ಕಂಬಿ, ಅವಳ ಕೂದಲು. ಕೆಲವು ದಿನಗಳಾದ ಮೇಲೆ ಪಾಠ ಇನ್ನೂ ಮುಂದೆ ಹೋಯಿತು. "ಈ ಕೈ ಹಿಡಿದ ತಲೆಯ ತೂಕವನ್ನು ನೆನೆಸಿಕೊಳ್ಳಿ. ಅದು ಬಾಗಿಲಿಗೆ ತಾಗಿದಾಗ ಬಂದ ಸದ್ದನ್ನು ಕೇಳಿಸಿಕೊಳ್ಳಿ. ಆಗ ಅವಳು ಏನಂದಳು? ಅದನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿ. ಈಗ ಉಸಿರು ಬಿಡಿ."

ಕಣ್ಣು ಮುಚ್ಚಿದ್ದವನಿಗೆ ಎದೆ ಝಲ್ಲೆಂದಿತ್ತು. ಆದರೆ ಅವನಿಗೆ ಹೊಳೆದದ್ದು ಬೇರೆಯೇ. ಇದನ್ನು ಅಚ್ಚು ಹಾಕಿಸಿದ್ದಾರೆಂದರೆ ಡಾಕ್ಟರಿಗೆ ಎಲ್ಲ ಗೊತ್ತು, ತನ್ನೊಬ್ಬನ ಸಂಗತಿಯಲ್ಲ, ಭುಜ ನೋಯುವ ಗಂಡಸರೆಲ್ಲರ ಸಂಗತಿ. ತಲೆನೋವಿನವನಿಗೆ ಬೆಳಕು ಆಗದ ಹಾಗೆ, ಇದೂ ಕಾಯಿಲೆಯ ಒಂದು ಲಕ್ಷಣ. ಎಲ್ಲ ಮನೆಗಳಲ್ಲೂ ಈ ಹೊತ್ತಿನಲ್ಲಿ ಹೆಂಡತಿಯರು ಇದನ್ನೇ ಓದುತ್ತಿದ್ದಾರೆ, ಗಂಡಂದಿರು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ಹಾಳೆಯನ್ನು ತೆಗೆದು ನೋಡಬೇಕೆಂದು ಒಂದು ದಿನವೂ ಅನಿಸಲಿಲ್ಲ. ಅಚ್ಚಿನ ಮನೆಯಲ್ಲಿ ಬದುಕು ಸವೆಸಿದವನು, ಅಚ್ಚಾದದ್ದನ್ನು ಓದುವ ಚಾಳಿಯೇ ಅವನಿಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಮೊದಲ ಸಲ ಹಗುರವೆನಿಸಿತು, ಒಂದು ಸಂಜೆ ಕಣ್ಣಲ್ಲಿ ನೀರೂ ಬಂತು. ಕತ್ತು ನೋವಿಲ್ಲದೆ ತಿರುಗತೊಡಗಿತು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅವನ ನೋವು, ಆಯಾಸ, ಒತ್ತಡ ಮೂರೂ ಇಳಿಯುತ್ತ ಬಂದವು. ಆಮೇಲೆ ಕೈಯೂ ಎದ್ದಿರಲಿಲ್ಲ. ನೋಡಿ, ಸುಸ್ತು ಹೋಯಿತು, ಹೊಡೆತ ನಿಂತಿತು, ಎರಡೂ ಒಂದೇ ಎಂದು ಸಾಬೀತಾಯಿತಲ್ಲ. ಇನ್ನು ಸಂಶೋಧನೆಯ ಪುಸ್ತಕದಲ್ಲಿ ಅವನ ಲೆಕ್ಕ ಸೇರಿಬಿಟ್ಟರೆ ಮುಗಿಯಿತು, ಮದುವೆಯಾದಂದಿನಿಂದ ಹೊಡೆದ ಪ್ರತಿ ಏಟೂ ಕಾಯಿಲೆಯ ಖಾತೆಗೆ ಹೋಗುತ್ತದೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಆಸ್ಪತ್ರೆಯ ಹಿಂದಿನ ಕಟ್ಟಡದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ಫಿನಾಯಿಲಿನ ವಾಸನೆ, ತಲೆಯ ಮೇಲೆ ಕಿರುಗುಡುವ ಫ್ಯಾನು. ಅರೆತಲೆನೋವಿನ ಟೀಚರಮ್ಮ ಗಂಡನ ಜೊತೆ ಬಂದಿದ್ದರು. ಸೊಂಟ ಹಿಡಿದುಕೊಂಡ ಟ್ಯಾಕ್ಸಿಯವನಿಗೆ ಓದುತ್ತಿದ್ದದ್ದು ಅವನ ಅಕ್ಕ. ಅವರೇನು ಹೇಳಿದರೋ ಇವನ ಕಿವಿಗೆ ಬೀಳಲಿಲ್ಲ, ತನ್ನ ಸರದಿಯ ಮಾತನ್ನೇ ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದ. ಡಾಕ್ಟರು ಇವನ ಕಡೆ ತಿರುಗಿ ನಕ್ಕರು.

"ನಿಮ್ಮದು ತುಂಬಾ ಚೆನ್ನಾಗಿ ಇಳಿದಿದೆ. ಯಾವ ಭಾಗ ಹೆಚ್ಚು ಸಹಾಯ ಮಾಡ್ತು ಅಂತ ಅನ್ಸುತ್ತೆ?"

"ಬಲಗೈ ಭಾಗ, ಮೇಡಂ" ಎಂದ. ಗಂಟಲು ಸರಿಮಾಡಿಕೊಂಡ. ಎಲ್ಲರೂ ತನ್ನನ್ನು ನೋಡುತ್ತಿರುವುದು ಹಿತವಾಗಿತ್ತು. "ಅದನ್ನ ಬರೆದೋರಿಗೆ ಕೈ ಮುಗೀಬೇಕು. ನಮ್ಮಂಥ ಗಂಡಸರ ಒಳಗನ್ನ ಬಿಚ್ಚಿಟ್ಟ ಹಾಗಿದೆ. ಆ ತಲೆ ತೂಕ ನೆನೆಸ್ಕೊಳ್ಳೋದು, ಬಾಗಿಲ ಸದ್ದು ಕೇಳಿಸ್ಕೊಳ್ಳೋದು... ಮೊದಮೊದಲು ಕಷ್ಟ ಆಗ್ತಿತ್ತು. ಈಗ ಅಭ್ಯಾಸ ಆಗಿದೆ." ಟ್ಯಾಕ್ಸಿಯವನ ಕಡೆ ತಿರುಗಿ ಸಲುಗೆಯಿಂದ, "ಅಲ್ವೇನ್ರೀ? ನಿಮ್ಗೂ ಹಾಗೇ ಆಗಿರ್ಬೇಕು" ಎಂದ.

ಟ್ಯಾಕ್ಸಿಯವನು ತನ್ನ ಅಕ್ಕನ ಮುಖ ನೋಡಿದ. "ಯಾವ ಬಾಗಿಲು?" ಎಂದ.

ಡಾಕ್ಟರು ಕನ್ನಡಕವನ್ನು ತಲೆಯ ಮೇಲಿಂದ ಇಳಿಸಿ ಹಾಕಿಕೊಂಡು ಹಾಳೆ ತಿರುವಿದರು. "ಬಲಗೈ ಅಂದ್ರೆ... ಇಲ್ಲಿ ಎರಡೇ ಸಾಲು ಇರೋದು. ಗಮನಿಸಿ, ಬೆರಳು ಬಿಚ್ಚಿ. ಅಷ್ಟೇ." ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಬೇರೆ ಏನಾದ್ರೂ ಓದ್ತಿದ್ರಾ?"

"ಹೌದು" ಎಂದಳು ಅವಳು. "ನಾನೇ ಸೇರಿಸ್ದೆ."

"ಏನು ಅಂತ ಹೇಳ್ಬಹುದಾ?"

ಅವನು ಅವಳನ್ನು ನೋಡಿದ. ಹೆದರಿ ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸಂಜೆಯ ದನಿಯಲ್ಲಿ, ಎದುರಿಗೆ ಮಕ್ಕಳು ಮಲಗಿದ್ದಾರೆಂಬಂತೆ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬೆರಳುಗಳು, ತಲೆಯ ತೂಕ, ಬಾಗಿಲು. ಅವನು ಕೇಳಿಸಿಕೊಂಡೂ ನೆನಪಿಟ್ಟುಕೊಳ್ಳದಿದ್ದ ಸಾಲುಗಳೂ ಇದ್ದವು. ಹೊಟ್ಟೆಗೆ ಒದ್ದ ಕಾಲಿನ ಸಾಲು. ಬಿಸಿ ಪಾತ್ರೆಗೆ ಒತ್ತಿ ಹಿಡಿದ ಮಣಿಕಟ್ಟಿನ ಸಾಲು. ಮಗಳು ಮಂಚದ ಕೆಳಗಿಂದ ನೋಡುತ್ತಿದ್ದದ್ದನ್ನು ನೆನೆಸಿಕೊಳ್ಳಿ ಎಂಬ ಸಾಲು. ಟೀಚರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಎಲ್ಲಕ್ಕಿಂತ ಹೊಲಸಾದ ಸಂಗತಿಯೆಂದರೆ, ಆ ದನಿ ಕಿವಿಗೆ ಬಿದ್ದೊಡನೆ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಭುಜ ಇಳಿಯಿತು, ಬಲಗೈಯ ಬೆರಳುಗಳು ಎಲ್ಲರ ಎದುರಿಗೇ ಒಂದೊಂದಾಗಿ ಬಿಚ್ಚಿಕೊಂಡವು. ಕಣ್ಣು ತೆರೆದಾಗ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಅವನಿಗೆ ಮೈ ಸುಟ್ಟುಹೋಯಿತು. ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡ.

ಡಾಕ್ಟರು ಕೈಯಲ್ಲಿದ್ದ ಹಾಳೆಗಳನ್ನು ಮಡಚಿದರು. ಆಮೇಲೆ ಅವನಿಗೆ, "ಇದು ನೀವು ಮಾಡಿದ ತಪ್ಪಲ್ಲ... ಅಂದ್ರೆ, ಪರೀಕ್ಷೆಯ ಮಟ್ಟಿಗೆ" ಎಂದು ತಡವರಿಸಿದರು. "ಎಲ್ರಿಗೂ ಒಂದೇ ಪಾಠ ಹೋಗ್ಬೇಕು. ನಿಮ್ಗೆ ಬೇರೆಯೇ ಹೋಗಿದೆ. ನಿಮ್ಮ ಲೆಕ್ಕವನ್ನ ನಾವು ತೆಗೆದುಕೊಳ್ಳೋಕಾಗಲ್ಲ." ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋದರು. ಗಾಜಿನ ಬಾಗಿಲಿನಾಚೆ ಅವರು ಏನೋ ಕೇಳುವುದು, ಅವಳು ಬೇಡ ಬೇಡ ಎಂದು ತಲೆಯಾಡಿಸುವುದು ಕಾಣುತ್ತಿತ್ತು. ಬಾಗಿಲು ತೆರೆದಾಗ ಕೊನೆಯ ಮಾತು ಮಾತ್ರ ಕೇಳಿಸಿತು. "ಮಗಳು ಸ್ಕೂಲಿಂದ ಬರೋ ಹೊತ್ತಾಯ್ತು ಮೇಡಂ, ಅವಳೊಬ್ಳನ್ನೇ ಬಿಡೋಕಾಗಲ್ಲ. ನಿಮ್ಮ ನಂಬರ್ ಇದೆಯಲ್ಲ." ಕುರ್ಚಿ ಜೋಡಿಸುವ ನೆಪದಲ್ಲಿ ಟ್ಯಾಕ್ಸಿಯವನು ಇವನಿಂದ ದೂರ ಸರಿದು ನಿಂತಿದ್ದ.

ಬಸ್ಸಿನಲ್ಲಿ ಅವನು ಕಾಯುತ್ತಿದ್ದ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಸಿಟ್ಟಿಗಾಗಿ ಕಾಯುತ್ತಿದ್ದ. ಇಷ್ಟಕ್ಕೆ ಬರದ ಸಿಟ್ಟು ಇನ್ಯಾತಕ್ಕೆ ಬಂದೀತು? ಮಾನ ಮೂರಾಬಟ್ಟೆಯಾಗಿತ್ತು, ಹೊರಗಿನವರ ಮುಂದೆ ಹೆಂಡತಿಯೇ ಅವನ ಬಟ್ಟೆ ಬಿಚ್ಚಿ ನಿಲ್ಲಿಸಿದ್ದಳು. ಆದರೆ ಉಸಿರು ತಾನಾಗಿ ನಿಧಾನಕ್ಕೆ ಏರಿ ಇಳಿಯುತ್ತಿತ್ತು, ಭುಜ ಹಗುರವಾಗಿತ್ತು. ಮೈ ಪಾಠವನ್ನು ಕಲಿತುಬಿಟ್ಟಿತ್ತು, ಇನ್ನು ಮರೆ ಎಂದರೆ ಮರೆಯುವ ಹಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಕಲ್ಲನ್ನು ಜೋರಾಗಿ ಒದ್ದು ನೋಡಿದ. ಬೆರಳು ನೋಯಿತು, ಅಷ್ಟೇ. ಮಹಡಿಯ ಮೆಟ್ಟಿಲು ಹತ್ತಿ, ಬೀಗ ತೆಗೆದು, ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಹೋದ. ಮಗಳು ಆಗಲೇ ಬಂದು ಕೆಳಗಿನ ದರ್ಜಿ ಅಂಗಡಿಯ ಬೆಂಚಿನಲ್ಲಿ ಕೂತಿದ್ದವಳು, ಹಿಂದೆಯೇ ಬಂದು ಬ್ಯಾಗು ಕಳಚದೆ ಗೋಡೆಗೆ ಒರಗಿದಳು.

"ಯಾಕೆ ಸೇರಿಸ್ದೆ?" ಎಂದು ಕೇಳಿದ. ದನಿ ಏರಲಿಲ್ಲ.

"ಇನ್ಯಾವಾಗ ಹೇಳ್ಬೇಕಿತ್ತು?" ಎಂದಳು. "ನೀವು ನನ್ನ ಮಾತು ಕೇಳ್ತಿದ್ದದ್ದು ಕಣ್ಣು ಮುಚ್ಚಿ ಕೂತಾಗ ಮಾತ್ರ."

"ಡಾಕ್ಟರಿಗೆ ಫೋನ್ ಮಾಡು. ಅಲ್ಲಿ ಸುಳ್ಳು ಹೇಳ್ಬಿಟ್ಟೆ, ಹಾಳೇಲಿದ್ದದ್ದನ್ನೇ ಓದಿದ್ದು ಅನ್ನು. ನನ್ನ ಲೆಕ್ಕ ಸೇರಿಸ್ಕೊಳ್ಳಲಿ."

"ಎಲ್ರೂ ಕೇಳಿಸ್ಕೊಂಡಾಯ್ತಲ್ಲ."

"ಆದ್ರೂ ಮಾಡು. ನಂಗೆ ಅದು ಬೇಕು ಕಣೇ." ಅವನ ದನಿಯಲ್ಲಿ ಬೇಡಿಕೆಯಿತ್ತು, ಅವನಿಗೇ ಅದು ಕೇಳಿಸಿತು. "ಅದು ಕಾಯಿಲೆ ಅಂತ ಬರೆದಿರ್ಬೇಕು."

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಭಯವಿರಲಿಲ್ಲ, ಅದಕ್ಕಿಂತ ಸಹಿಸಲಾಗದ ಏನೋ ಇತ್ತು, ಕರುಣೆ ಇರಬಹುದು. "ಇಲ್ಲ ರೀ" ಎಂದಳು. "ನಾನು ಮಾಡಲ್ಲ."

ಅವನು ಉಸಿರನ್ನು ಒಳಗೆಳೆದುಕೊಂಡ. ಒಳಗೆಲ್ಲ ಹುಡುಕಿದ. ಎದೆಯಲ್ಲಿ, ದವಡೆಯಲ್ಲಿ, ಕಿವಿಯ ಬುಡದಲ್ಲಿ, ಮೊದಲೆಲ್ಲ ಅದು ಭುಸುಗುಟ್ಟುತ್ತಿದ್ದ ಎಲ್ಲ ಜಾಗಗಳಲ್ಲಿ. ಎಲ್ಲೂ ಸಿಟ್ಟಿರಲಿಲ್ಲ, ಸುಸ್ತಿರಲಿಲ್ಲ, ಮನಸ್ಸು ತಿಳಿಯಾಗಿತ್ತು. ಈಗ ತಾನು ಹೊಡೆಯದೆ ಇರಬಹುದು ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು, ಅಡುಗೆಮನೆಗೆ ಹೋಗಿ ನೀರು ಕುಡಿಯಬಹುದು, ಮೆಟ್ಟಿಲಿಳಿದು ಬೀದಿಗೆ ಹೋಗಬಹುದು. ಹೀಗೆ ಗೊತ್ತಾದ ಮೇಲೆಯೇ ಉಸಿರು ಬಿಡುತ್ತ ಅವಳ ಕೆನ್ನೆಗೆ ಹೊಡೆದ. ಅವಳು ಮೇಜಿಗೆ ತಾಗಿ ಬಿದ್ದಳು. ಬಿದ್ದವಳ ಕೂದಲು ಹಿಡಿದೆತ್ತಿದ. ತಲೆಯ ತೂಕ ಕೈಗೆ ಗೊತ್ತಾಯಿತು. ಇನ್ನೊಮ್ಮೆ ಹೊಡೆದ, ಮೂಗಿನ ಮೇಲೆ, ಮುಷ್ಟಿಯಿಂದ. ಏನೋ ಮುರಿದದ್ದು ಗೆಣ್ಣಿಗೆ ತಿಳಿಯಿತು. ಪ್ರತಿಯೊಂದನ್ನೂ ಅವನು ನೋಡುತ್ತಿದ್ದ. ಹಿಂದೆಲ್ಲ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಮುಗಿದ ಮೇಲಷ್ಟೇ ಬೆಳಕಾಗುತ್ತಿತ್ತು ಎಂದು ಅವನು ನಂಬಿಕೊಂಡಿದ್ದ. ಈಗ ಹಾಡಹಗಲು. ಅವಳ ತುಟಿಯ ಮೇಲಿನ ರಕ್ತ, ಹಲ್ಲಿನ ಸಂದಿಯ ರಕ್ತ, ಗೋಡೆಗೆ ಅಂಟಿಕೊಂಡ ಮಗಳ ತೆರೆದ ಬಾಯಿ, ಎಲ್ಲ ಸ್ಪಷ್ಟವಾಗಿತ್ತು. ಹಾಗಾದರೆ ಹಿಂದೆಯೂ ಹೀಗೆಯೇ ಇತ್ತೇ? ಪ್ರತಿಯೊಂದು ಸಲವೂ? ಆ ಪ್ರಶ್ನೆ ಬಂದೊಡನೆ ಕೈ ನಿಂತಿತು.

ಮಗಳು ಕಿರುಚಿದಳು. ಯಾವತ್ತೂ ಕಿರುಚದ ಹುಡುಗಿ. ಕೆಳಗಡೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಕೆಳಗಿನ ಅಂಗಡಿಯ ದರ್ಜಿ, ಕತ್ತಿನಲ್ಲಿ ಅಳತೆಯ ಪಟ್ಟಿ ನೇತುಹಾಕಿಕೊಂಡೇ ಬಾಗಿಲಲ್ಲಿ ನಿಂತ. ವಯಸ್ಸಾದ ಮನುಷ್ಯ, ಯಾರ ಗೋಜಿಗೂ ಹೋಗದವನು. ಹೆಂಡತಿ ಗೋಡೆ ಹಿಡಿದು ಏಳುತ್ತಿದ್ದಳು. ಮೂಗಿನಿಂದ ಸುರಿಯುವುದನ್ನು ಸೆರಗಿನಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮಗಳನ್ನು ಬಾಗಿಲ ಕಡೆ ನೂಕಿದಳು.

"ಏನ್ ಸ್ವಾಮಿ ಇದು" ಎಂದ ದರ್ಜಿ. ಒಳಗೆ ನೋಡಿ ಕಣ್ಣು ತಗ್ಗಿಸಿದ. ಆಮೇಲೆ ಬೀದಿಯ ಹಿರಿಯರು ಇಂಥ ಹೊತ್ತಿಗೆಂದೇ ಇಟ್ಟುಕೊಂಡಿರುವ ದನಿಯಲ್ಲಿ, "ಹೋಗ್ಲಿ ಬಿಡಿ, ಆಗ್ಬಾರದಿತ್ತು, ಆಗೋಯ್ತು. ದಿನವೆಲ್ಲ ಕತ್ತೆ ಥರ ದುಡಿಯೋ ಗಂಡಸು, ಸಿಟ್ಟು ಬಂದ್ಬಿಡುತ್ತೆ. ಅಮ್ಮಾ, ನೀವೂ ಸ್ವಲ್ಪ ತಾಳ್ಕೊಳ್ಳಿ. ಸಿಟ್ಟಲ್ಲಿ ಮನುಷ್ಯನಿಗೆ ಏನ್ ಮಾಡ್ತೀನಿ ಅನ್ನೋದೇ ಗೊತ್ತಿರಲ್ಲ, ಅಲ್ವಾ?" ಎಂದು ಅವನ ಮುಖ ನೋಡಿದ.

ಹೌದು ಎಂದರೆ ಸಾಕಾಗಿತ್ತು. ತಲೆಯಾಡಿಸಿದರೂ ಸಾಕಾಗಿತ್ತು, ದರ್ಜಿ ಬೆನ್ನು ತಟ್ಟಿ, ಒಂದು ಲೋಟ ನೀರು ಕೊಡಿಸಿ, ಎಲ್ಲರನ್ನೂ ಒಳಗೆ ಕಳಿಸಿ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ. ಹೆಂಡತಿ ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು. ಅವಳೂ ಆ ಮಾತಿಗೇ ಕಾಯುತ್ತಿದ್ದಾಳೆ ಎನಿಸಿತು ಅವನಿಗೆ.

"ಇಲ್ಲ" ಎಂದ. "ಸಿಟ್ಟು ಬಂದಿರ್ಲಿಲ್ಲ."

"ಅಂದ್ರೆ?"

"ಒಂಚೂರೂ ಇರ್ಲಿಲ್ಲ. ಗೊತ್ತಿದ್ದೇ ಹೊಡ್ದೆ."

ದರ್ಜಿ ಒಂದು ಮೆಟ್ಟಿಲು ಕೆಳಗಿಳಿದ. ಆಮೇಲೆ ಮತ್ತೆ ಮೇಲೆ ಬಂದು, ಹುಡುಗಿಯ ತೋಳು ಹಿಡಿದು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡ.